ಹುಲಿಯಿಲ್ಲದ ದ್ವೀಪದ ದನಗಳು: ಆಮ್‌ಸ್ಟರ್‌ಡ್ಯಾಮ್ ದ್ವೀಪದ 139 ವರ್ಷಗಳು

ಭೂಪಟದ ಮೇಲೆ ಬೆಂಗಳೂರಿನಲ್ಲಿ ಬೆರಳಿಟ್ಟು ನೇರವಾಗಿ ದಕ್ಷಿಣಕ್ಕೆ ಎಳೆದರೆ ಬೆರಳು ಕನ್ಯಾಕುಮಾರಿಯನ್ನು ದಾಟಿ ಸಮುದ್ರಕ್ಕಿಳಿಯುತ್ತದೆ. ಅಲ್ಲಿಂದ ಮುಂದೆ ಸಮಭಾಜಕ ವೃತ್ತವನ್ನೂ ಮಕರ ಸಂಕ್ರಾಂತಿ ವೃತ್ತವನ್ನೂ ದಾಟುವವರೆಗೆ ಬರಿಯ ನೀರು. ಬೆಂಗಳೂರಿನಿಂದ ಸುಮಾರು 5,600 ಕಿಲೋಮೀಟರ್ ಸಾಗಿದ ಮೇಲೆ, ಹೆಚ್ಚುಕಡಿಮೆ ಅದೇ ರೇಖಾಂಶದಲ್ಲಿ, ಒಂದು ಪುಟ್ಟ ಜ್ವಾಲಾಮುಖಿ ದ್ವೀಪ ಸಿಗುತ್ತದೆ. ಅದು ಫ್ರಾನ್ಸಿನ ಆಡಳಿತದಲ್ಲಿರುವ ಆಮ್‌ಸ್ಟರ್‌ಡ್ಯಾಮ್ ದ್ವೀಪ. ಅದರ ವಿಸ್ತೀರ್ಣ ಸುಮಾರು 55 ಚದರ ಕಿಲೋಮೀಟರ್, ಅತಿ ಎತ್ತರದ ಶಿಖರ 881 ಮೀಟರ್. ಅತ್ತ ಮಡಗಾಸ್ಕರ್, ಇತ್ತ ಆಸ್ಟ್ರೇಲಿಯ, ಕೆಳಗೆ ಅಂಟಾರ್ಕ್ಟಿಕ, ಯಾವುದೂ ಹತ್ತಿರವಿಲ್ಲ. ಒಂದೊಂದೂ ಸುಮಾರು ಮೂರು ಸಾವಿರ ಕಿಲೋಮೀಟರ್ ದೂರ. ವಿಮಾನ ಇಳಿಯಲು ಜಾಗವಿಲ್ಲ. ರಿಯೂನಿಯನ್ ದ್ವೀಪದಿಂದ ವರ್ಷಕ್ಕೆ ಕೆಲವೇ ಬಾರಿ ಹೊರಡುವ ಹಡಗೊಂದೇ ದಾರಿ. 1949ರ ಕೊನೆಯಲ್ಲಿ ಸ್ಥಾಪನೆಯಾದ ಸಂಶೋಧನಾ ನೆಲೆಯಲ್ಲಿ ಇಪ್ಪತ್ತು ಮೂವತ್ತು ಮಂದಿ ಸರದಿಯ ಮೇಲೆ ಇರುತ್ತಾರೆಯೇ ಹೊರತು ಅಲ್ಲಿ ಊರೆಂಬುದಿಲ್ಲ.

ಇಂದಿನ ಉಪನ್ಯಾಸಕ್ಕೆ ಈ ದ್ವೀಪವನ್ನು ಆರಿಸಿಕೊಳ್ಳಲು ಕಾರಣ ಅಲ್ಲಿ 139 ವರ್ಷ ಬದುಕಿದ್ದ ಒಂದು ದನದ ಹಿಂಡು. ಸಾಕಿದ ದನ ಮನುಷ್ಯನ ಕೈತಪ್ಪಿ, ತಲೆಮಾರುಗಳ ಕಾಲ ತನ್ನಷ್ಟಕ್ಕೆ ಬದುಕಿದರೆ ಅದರ ನಡವಳಿಕೆ ಏನಾಗುತ್ತದೆ, ಅದರ ಸಂಖ್ಯೆಯನ್ನು ಯಾವುದು ತಡೆಯುತ್ತದೆ, ಅದರ ಕಾಲ್ತುಳಿತಕ್ಕೆ ನೆಲ ಹೇಗೆ ಮರುನುಡಿಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಇಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟ ಸ್ಥಳಗಳು ಭೂಮಿಯ ಮೇಲೆ ಬಹಳ ಇಲ್ಲ. ಇಲ್ಲಿ ನಾನು ಹೇಳುತ್ತಿರುವುದು ಕಾಟಿಯಂಥ ಹುಟ್ಟು ಕಾಡುಪ್ರಾಣಿಯ ವಿಷಯವಲ್ಲ. ನಮ್ಮ ಪೇಟೆಗಳ ಬೀಡಾಡಿ ದನಗಳ ವಿಷಯವೂ ಅಲ್ಲ, ಏಕೆಂದರೆ ಅವು ಮನುಷ್ಯರ ನಡುವೆಯೇ ಬದುಕುತ್ತವೆ. ಕೊಟ್ಟಿಗೆಯಲ್ಲಿ ಹುಟ್ಟಿದ ಪೂರ್ವಜರಿಂದ ಬಂದು, ಕೊಟ್ಟಿಗೆಯನ್ನೇ ಕಾಣದೆ ಸತ್ತ, ಕಾಡುಬಿದ್ದ ದನಗಳ ವಿಷಯ ಇದು.

1871ರ ಜನವರಿಯಲ್ಲಿ ರಿಯೂನಿಯನ್ನಿನ ಹರ್ತ್ಯಾಂ ಎಂಬ ರೈತ ತನ್ನ ಕುಟುಂಬದೊಡನೆ, ಕೆಲವು ಆಳುಗಳೊಡನೆ ಈ ದ್ವೀಪದಲ್ಲಿ ಇಳಿದ. ಬೇಸಾಯ ಮಾಡಿ ದನ ಸಾಕುವುದು ಅವನ ಉದ್ದೇಶವಾಗಿತ್ತು. ಎಡೆಬಿಡದ ಗಾಳಿ, ಕಲ್ಲುನೆಲ, ಹಡಗಿನ ಸುಳಿವಿಲ್ಲದ ತಿಂಗಳುಗಳು; ಅದೇ ವರ್ಷದ ಆಗಸ್ಟಿನಲ್ಲಿ ಅವನು ಎಲ್ಲವನ್ನೂ ಬಿಟ್ಟು ಹಿಂತಿರುಗಿದ. ಬಿಟ್ಟುಹೋದವುಗಳಲ್ಲಿ ಐದು ದನಗಳಿದ್ದವು. 1988ರ ಹೊತ್ತಿಗೆ ಅವುಗಳ ಸಂತತಿ ಸುಮಾರು ಎರಡು ಸಾವಿರವಾಗಿತ್ತು. ಅಂದರೆ ಒಂದು ಚದರ ಕಿಲೋಮೀಟರಿಗೆ ಸರಾಸರಿ 36 ದನ; ಅದೂ ಪಶ್ಚಿಮದಲ್ಲಿ ನೂರಾರು ಮೀಟರ್ ಎತ್ತರದ ಕಡಿದಾದ ಬಂಡೆಗೋಡೆಗಳಿರುವ, ಸದಾ ಹರಿಯುವ ತೊರೆಯಿಲ್ಲದ ನೆಲದಲ್ಲಿ.

ಈ ಅಂಕಿಯನ್ನು ನೋಡಿ ಬೆರಗಾಗುವುದು ಸಹಜ. ಆದರೆ ಲೆಕ್ಕ ಹಾಕಿದರೆ ಬೇರೊಂದು ಸಂಗತಿ ಕಾಣುತ್ತದೆ. ಮೇವು ಧಾರಾಳವಾಗಿದ್ದು, ತಿನ್ನುವ ಮೃಗವಿಲ್ಲದಿದ್ದರೆ ದನದ ಹಿಂಡು ನಾಲ್ಕೈದು ವರ್ಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಐದು ಎರಡು ಸಾವಿರವಾಗಲು ಒಂಬತ್ತು ಇಮ್ಮಡಿಗಳೂ ಬೇಕಾಗಿಲ್ಲ. ಆ ವೇಗದಲ್ಲಿ ನಲವತ್ತು ವರ್ಷ ಸಾಕಿತ್ತು. ನೂರ ಹದಿನೇಳು ವರ್ಷಗಳ ನಂತರವೂ ಸಂಖ್ಯೆ ಎರಡು ಸಾವಿರದಲ್ಲಿತ್ತು ಎಂದರೆ ಅದನ್ನು ಏನೋ ಹಿಡಿದು ನಿಲ್ಲಿಸುತ್ತಿತ್ತು ಎಂದೇ ಅರ್ಥ. ಹುಲಿಯಿಲ್ಲ, ತೋಳವಿಲ್ಲ, ಸೀಳುನಾಯಿಯಿಲ್ಲ. ಹಾಗಿದ್ದರೆ ತಡೆದದ್ದು ಯಾವುದು? ನನ್ನ ಈ ಮಾತುಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ. ಉತ್ತರಕ್ಕೆ ಬರುವ ಮೊದಲು ಆ ಹಿಂಡು ಹೇಗೆ ಬದುಕುತ್ತಿತ್ತೆಂದು ನೋಡಬೇಕು.

ಮನುಷ್ಯ ಸಾಕಿದ ದನಗಳ ಸಮಾಜವನ್ನು ಮನುಷ್ಯನೇ ಕಟ್ಟಿರುತ್ತಾನೆ. ಹೋರಿಗಳಲ್ಲಿ ಹೆಚ್ಚಿನವನ್ನು ಬೀಜ ಒಡೆದು ಎತ್ತು ಮಾಡುತ್ತೇವೆ, ಇಲ್ಲವೇ ಮಾರುತ್ತೇವೆ. ಕರುವನ್ನು ತಾಯಿಯಿಂದ ಬೇರೆ ಕಟ್ಟುತ್ತೇವೆ. ಯಾವುದು ಯಾವುದರ ಪಕ್ಕದಲ್ಲಿ ನಿಲ್ಲಬೇಕೆಂಬುದನ್ನೂ ಗೂಟ ನೆಟ್ಟು ತೀರ್ಮಾನಿಸುತ್ತೇವೆ. ಸಾವಿರಾರು ವರ್ಷ ಹೀಗೆ ನಡೆದ ಮೇಲೆ, ದನಕ್ಕೆ ತನ್ನದೇ ಆದ ಸಾಮಾಜಿಕ ಬಾಳ್ವೆ ಮರೆತೇ ಹೋಗಿರಬೇಕು ಎಂದು ಭಾವಿಸುವವರಿದ್ದಾರೆ. ಆಮ್‌ಸ್ಟರ್‌ಡ್ಯಾಮ್ ದ್ವೀಪದ ಹಿಂಡು ಅದು ಹಾಗಲ್ಲವೆಂದು ತೋರಿಸಿತು. 1980ರ ದಶಕದಲ್ಲಿ ಫ್ರೆಂಚ್ ಸಂಶೋಧಕರು ಅಲ್ಲಿ ಕಂಡದ್ದು ಹೀಗಿತ್ತು: ಬೆದೆಯ ಕಾಲವನ್ನು ಬಿಟ್ಟರೆ ಬೆಳೆದ ಗೂಳಿಗಳು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಂಡು ಬೇರೆಯಾಗಿ ಮೇಯುತ್ತಿದ್ದವು, ಹಸುಗಳು, ಅವುಗಳ ಕರುಗಳು, ಕಡಸುಗಳು, ಇನ್ನೂ ಬಲಿಯದ ಎಳೆಯ ಹೋರಿಗಳು ಇನ್ನೊಂದು ಬಗೆಯ ಗುಂಪುಗಳಲ್ಲಿದ್ದವು, ಬೆದೆಯ ಕಾಲದಲ್ಲಿ ಮಾತ್ರ ಎರಡೂ ಬೆರೆಯುತ್ತಿದ್ದವು. ಜಗತ್ತಿನ ಬೇರೆಬೇರೆ ಕಡೆ ಕಾಡುಬಿದ್ದ ದನಗಳಲ್ಲಿಯೂ, ನಮ್ಮ ಪಶ್ಚಿಮಘಟ್ಟದ ಕಾಟಿಗಳಲ್ಲಿಯೂ ಹೆಚ್ಚುಕಡಿಮೆ ಇದೇ ಏರ್ಪಾಡು ಕಾಣುತ್ತದೆ. ಯಾರೂ ಕಲಿಸದೆ, ಹಿಂಡಿನ ನೆನಪಿನಲ್ಲಿ ಯಾವ ಮಾದರಿಯೂ ಇಲ್ಲದೆ, ಐದು ದನಗಳಿಂದ ಹುಟ್ಟಿದ ಹಿಂಡು ತನ್ನ ಕುಲದ ಹಳೆಯ ಕಟ್ಟಳೆಗೆ ಮರಳಿತು ಎಂಬುದು ನನಗೆ ಇಡೀ ಕಥೆಯ ಅತ್ಯಂತ ಮಹತ್ವದ ಸಂಗತಿಗಳಲ್ಲೊಂದಾಗಿ ತೋರುತ್ತದೆ.

ಹಸುಗಳ ಗುಂಪು ಎಂದರೆ ತಾಯಿ, ಮಗಳು, ಮೊಮ್ಮಗಳು ಒಟ್ಟಿಗಿರುವ ಬಳಗ. ಈಯುವ ಸಮಯ ಬಂದಾಗ ಮಾತ್ರ ಹಸು ಗುಂಪನ್ನು ಬಿಟ್ಟು ಮರೆಯಾದ ಜಾಗವನ್ನು ಹುಡುಕಿಕೊಂಡು ಹೋಗುತ್ತದೆ. ಹುಟ್ಟಿದ ಕರುವನ್ನು ಒಂದೇ ಸಮನೆ ನೆಕ್ಕಿ ಒಣಗಿಸುತ್ತದೆ. ಆ ಮೊದಲ ಗಂಟೆಗಳಲ್ಲಿ ವಾಸನೆಯಿಂದ, ರುಚಿಯಿಂದ, ದನಿಯಿಂದ ತಾಯಿ ಕರುವನ್ನು ಗುರುತಿಟ್ಟುಕೊಳ್ಳುತ್ತದೆ. ಮಾಸು ಬಿದ್ದೊಡನೆ ಅದನ್ನು ತಾನೇ ತಿಂದುಬಿಡುವುದೂ ಉಂಟು. ಆಮೇಲಿನ ಕೆಲವು ದಿನ ಕರು ಎತ್ತರದ ಹುಲ್ಲಿನ ನಡುವೆ ಕತ್ತು ನೆಲಕ್ಕೆ ಚಾಚಿ, ಕಿವಿ ಹಿಂದಕ್ಕೆ ಮಡಿಸಿ, ಅಲುಗಾಡದೆ ಮಲಗಿರುತ್ತದೆ. ತಾಯಿ ದೂರದಲ್ಲಿ ಮೇಯುತ್ತಿದ್ದು, ಹೊತ್ತುಹೊತ್ತಿಗೆ ಬಂದು ತಗ್ಗಿದ ದನಿಯಲ್ಲಿ ಕರೆದು, ಹಾಲೂಡಿಸಿ ಮತ್ತೆ ಹೋಗುತ್ತದೆ. ನಮ್ಮ ಮಲೆನಾಡಿನ ಬ್ಯಾಣಗಳಲ್ಲಿ ಈದ ಹಸು ಕರುವನ್ನು ಎಲ್ಲಿ ಅಡಗಿಸಿದೆಯೆಂದು ಸಂಜೆಯವರೆಗೆ ಹುಡುಕಿದವರಿಗೆ ಈ ನಡವಳಿಕೆ ಹೊಸದಲ್ಲ. ತಿನ್ನುವ ಮೃಗದಿಂದ ಕರುವನ್ನು ಕಾಪಾಡಲು ಹುಟ್ಟಿಕೊಂಡ ಈ ಅಭ್ಯಾಸ ಮೃಗವೇ ಇಲ್ಲದ ನೆಲದಲ್ಲೂ ದನದ ರಕ್ತದಲ್ಲಿ ಉಳಿದಿರುತ್ತದೆ. ಮನುಷ್ಯ ಬಿಡಿಸದಿದ್ದರೆ ಕರು ಎಂಟು ಹತ್ತು ತಿಂಗಳವರೆಗೂ ಮೊಲೆ ಬಿಡುವುದಿಲ್ಲ, ಮತ್ತು ಆ ಹೊತ್ತಿಗೆ ತಾಯಿ ಇನ್ನೊಮ್ಮೆ ಗಬ್ಬವಾಗಿರುವುದು ಸಾಮಾನ್ಯ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಮುಖ್ಯವಾಗುತ್ತದೆ.

ಗೂಳಿಗಳ ಲೋಕದಲ್ಲಿ ಕಾದಾಟಕ್ಕಿಂತ ಪ್ರದರ್ಶನವೇ ಹೆಚ್ಚು. ಎರಡು ಗೂಳಿಗಳು ಎದುರಾದಾಗ ಒಡನೆ ಕೊಂಬು ಕೂಡಿಸುವುದಿಲ್ಲ. ತಲೆ ತಗ್ಗಿಸಿ, ಬೆನ್ನು ಬಾಗಿಸಿ, ತನ್ನ ಇಡೀ ಪಕ್ಕೆ ಎದುರಾಳಿಗೆ ಕಾಣುವಂತೆ ಅಡ್ಡಲಾಗಿ ನಿಲ್ಲುತ್ತವೆ. ಮುಂಗಾಲಿನಿಂದ ಮಣ್ಣು ಕೆದರಿ ಹೆಗಲ ಮೇಲೆ ಎರಚಿಕೊಳ್ಳುತ್ತವೆ. ನೆಲಕ್ಕೆ ಮಂಡಿಯೂರಿ ಕೊಂಬನ್ನೂ ಕತ್ತನ್ನೂ ಮಣ್ಣಿಗೆ ಉಜ್ಜುತ್ತವೆ. ಹೆಚ್ಚಿನ ಸಲ ಎರಡರಲ್ಲೊಂದು ಮುಖ ತಿರುಗಿಸಿ ಸರಿದುಹೋಗುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹದ ಸ್ವೋನಾ ಎಂಬ ಪುಟ್ಟ ದ್ವೀಪದಲ್ಲಿ, 1974ರಲ್ಲಿ ಕೊನೆಯ ನಿವಾಸಿಗಳು ಬಿಟ್ಟುಹೋದ ದನಗಳ ಸಂತತಿಯಲ್ಲಿ, ಸೋತ ಗೂಳಿ ಹಿಂಡಿನಿಂದ ದೂರವಾಗಿ ದ್ವೀಪದ ಒಂದು ಮೂಲೆಯಲ್ಲಿ ಒಂಟಿಯಾಗಿ ದಿನ ಕಳೆಯುವುದನ್ನು ನೋಡಿದವರು ಹೇಳಿದ್ದಾರೆ. ಕೆಲವೇ ದನಗಳಿರುವ ಹಿಂಡಿನಲ್ಲೂ ಈ ಶ್ರೇಣಿ ಬಿಗಿಯಾಗಿರುತ್ತದೆ.

ಈಗ ಆ ಪ್ರಶ್ನೆಗೆ ಬರೋಣ. ಜಿಂಕೆ, ಸಾರಗ, ಕಾಡುಕುರಿಗಳಂಥ ಗೊರಸಿನ ಪ್ರಾಣಿಗಳಲ್ಲಿ, ಅದರಲ್ಲೂ ಗಂಡು ಹೆಣ್ಣಿಗಿಂತ ಬಹಳ ದೊಡ್ಡದಾಗಿರುವ ಜಾತಿಗಳಲ್ಲಿ, ಸಾಮಾನ್ಯವಾಗಿ ಬೇಗ ಸಾಯುವುದು ಗಂಡು. ದೊಡ್ಡ ಮೈಗೆ ಹೆಚ್ಚು ಮೇವು ಬೇಕು, ಬೆದೆಯ ಕಾಲದಲ್ಲಿ ಅದು ಮೇವು ಮರೆತು ಕಾದಾಡುತ್ತದೆ, ಆ ನಿತ್ರಾಣದಲ್ಲೇ ಚಳಿಗಾಲಕ್ಕೆ ಸಿಕ್ಕಿ ಸಾಯುತ್ತದೆ. ಹೀಗಾಗಿ ಬೆಳೆದ ಪ್ರಾಣಿಗಳನ್ನು ಎಣಿಸಿದರೆ ಹೆಣ್ಣುಗಳೇ ಹೆಚ್ಚಾಗಿರುತ್ತವೆ. ಇದು ಪುಸ್ತಕಗಳಲ್ಲಿ ನೆಲೆಯಾದ ತಿಳಿವು. ಆಮ್‌ಸ್ಟರ್‌ಡ್ಯಾಮ್ ದ್ವೀಪದ ದನಗಳಲ್ಲೂ ಗಂಡು ಹೆಣ್ಣಿನ ನಡುವಿನ ಅಂತರ ದೊಡ್ಡದೇ: ಬೆಳೆದ ಗೂಳಿಯ ಸರಾಸರಿ ತೂಕ ಸುಮಾರು 390 ಕಿಲೋ, ಹಸುವಿನದು ಸುಮಾರು 290 ಕಿಲೋ. ಹಾಗಿರುವಾಗ ಇಲ್ಲೂ ಗೂಳಿಗಳೇ ಹೆಚ್ಚು ಸಾಯಬೇಕಿತ್ತು. ಆದರೆ ದೊಮಿನಿಕ್ ಬೆರ್ತೊ ಎಂಬ ಸಂಶೋಧಕರು 1990ರ ದಶಕದ ಆರಂಭದಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತೀರ ವಿರುದ್ಧವಾದುದನ್ನು ತೋರಿಸಿತು. ಆ ದ್ವೀಪದಲ್ಲಿ ಹೆಚ್ಚಾಗಿ ಸಾಯುತ್ತಿದ್ದದ್ದು ಬೆಳೆದ ಹಸುಗಳು.

ಏಕೆ ಹೀಗೆ? ಜಿಂಕೆಗಳಿಗೆ ಬೆದೆಗೆ ಬರುವ ಒಂದು ನಿಗದಿಯಾದ, ಕಿರಿದಾದ ಕಾಲವಿದೆ. ಗಂಡಿನ ಶಕ್ತಿಯೆಲ್ಲ ಆ ಕೆಲವು ವಾರಗಳಲ್ಲಿ ಸುರಿದುಹೋಗುತ್ತದೆ. ದನಗಳಲ್ಲಿ ಬೆದೆ ಅಷ್ಟು ಇಕ್ಕಟ್ಟಾದ ಕಾಲಕ್ಕೆ ಕಟ್ಟುಬಿದ್ದದ್ದಲ್ಲ, ಆದ್ದರಿಂದ ಗೂಳಿಯ ಖರ್ಚು ಉದ್ದಕ್ಕೆ ಹರಡಿಕೊಳ್ಳುತ್ತದೆ. ಹಸುವಿನ ಖರ್ಚು ಹಾಗಲ್ಲ. ಒಂಬತ್ತು ತಿಂಗಳು ಮೀರಿದ ಗಬ್ಬ, ಅದರ ಬೆನ್ನಿಗೇ ತಿಂಗಳುಗಟ್ಟಲೆ ಹಾಲೂಡಿಕೆ, ಅದು ಮುಗಿಯುವ ಮೊದಲೇ ಮತ್ತೊಂದು ಗಬ್ಬ. ಸಾಕಿದ ದನದಲ್ಲಿ ನಾವು ಸಾವಿರಾರು ವರ್ಷ ಆರಿಸಿ ಬೆಳೆಸಿದ ಗುಣ ಇದೇ: ಎಳೆಯ ವಯಸ್ಸಿಗೇ ಗಬ್ಬ ಕಟ್ಟಬೇಕು, ತಪ್ಪದೆ ಈಯಬೇಕು, ಹೆಚ್ಚು ಹಾಲು ಇಳಿಸಬೇಕು. ಕೊಟ್ಟಿಗೆಯಲ್ಲಿ ಹಿಂಡಿ, ಬೂಸಾ, ಒಣಹುಲ್ಲಿನ ಆಸರೆಯಿದ್ದಾಗ ಈ ಗುಣ ಹಸುವನ್ನು ಕೊಲ್ಲುವುದಿಲ್ಲ. ಆಸರೆಯಿಲ್ಲದ ದ್ವೀಪದಲ್ಲಿ, ಎರಡು ಸಾವಿರ ಬಾಯಿಗಳು ಒಂದೇ ಹುಲ್ಲನ್ನು ಹಂಚಿಕೊಳ್ಳುವಾಗ, ಚಳಿಗಾಲದ ಗಾಳಿಮಳೆಯಲ್ಲಿ ಮೇವು ಸೊರಗಿದಾಗ, ಹೊಟ್ಟೆಯಲ್ಲೊಂದು ಕೆಚ್ಚಲಲ್ಲೊಂದು ಕರುವನ್ನು ಹೊತ್ತ ಹಸು ತನ್ನ ಮೈಯ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಂಡು ಅವಕ್ಕೆ ಕೊಡುತ್ತದೆ, ಮತ್ತು ಕರಗಿಸಲು ಏನೂ ಉಳಿಯದಿದ್ದಾಗ ಸಾಯುತ್ತದೆ. ಕಾಡುಜಿಂಕೆಯ ಹೆಣ್ಣು ಬರಗಾಲದ ವರ್ಷದಲ್ಲಿ ಗಬ್ಬ ಕಟ್ಟದೆ ತನ್ನ ಜೀವವನ್ನು ಉಳಿಸಿಕೊಳ್ಳುವುದುಂಟು. ಸಾಕಿದ ಕುಲದ ಹಸುವಿನಲ್ಲಿ ಆ ಎಚ್ಚರವನ್ನು ನಾವೇ ಸವೆಸಿದ್ದೇವೆ ಎಂದು ನನಗನ್ನಿಸುತ್ತದೆ. ಹುಲಿಯಿಲ್ಲದ ದ್ವೀಪದಲ್ಲಿ ದನಗಳ ಸಂಖ್ಯೆಯನ್ನು ತಡೆದ ಶಕ್ತಿ ಹೊರಗಿನದಲ್ಲ. ಹಿಂಡು ಬೆಳೆದಷ್ಟೂ ಅದರ ಭಾರ ಬಿದ್ದದ್ದು ಈಯುವ ತಾಯಿಯ ಮೈಮೇಲೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಮನುಷ್ಯನಿಲ್ಲದ, ಬೇಟೆಮೃಗವಿಲ್ಲದ ದ್ವೀಪದಲ್ಲಿ ದನಗಳು ಸುಖವಾಗಿದ್ದುವು ಎಂಬ ಚಿತ್ರ ಸುಲಭವಾಗಿ ಮನಸ್ಸಿಗೆ ಬರುತ್ತದೆ. ಸ್ವಾತಂತ್ರ್ಯ ಇತ್ತು, ನಿಜ. ಹಿಂಡಿನ ಬಾಳ್ವೆ ಘನವಾದದ್ದೇ ಆಗಿತ್ತು, ಅದೂ ನಿಜ. ಆದರೆ ಆ ದ್ವೀಪದಲ್ಲಿ ಪ್ರತಿ ಚಳಿಗಾಲವೂ ಹಸಿವು ನಡೆಸಿದ ಆಯ್ಕೆಯಾಗಿತ್ತು.

ಇನ್ನು ಈ ದನಗಳ ಮೈಕಟ್ಟಿನ ಬಗ್ಗೆ ನಡೆದ ಚರ್ಚೆ. ದೊಡ್ಡ ಪ್ರಾಣಿಗಳು ದ್ವೀಪಗಳಲ್ಲಿ ಸಿಕ್ಕಿಬಿದ್ದರೆ ತಲೆಮಾರುಗಳು ಕಳೆದಂತೆ ಕುಬ್ಜವಾಗುತ್ತವೆ ಎಂಬುದು ಜೀವವಿಜ್ಞಾನದಲ್ಲಿ ಹಳೆಯ ಸಂಗತಿ. ಇಂಗ್ಲಿಷ್ ಕಾಲುವೆಯ ಜೆರ್ಸಿ ದ್ವೀಪದಲ್ಲಿ, ಹಿಂದಿನ ಬೆಚ್ಚನೆಯ ಯುಗದಲ್ಲಿ ಸಮುದ್ರಮಟ್ಟ ಏರಿ ಸಿಕ್ಕಿಬಿದ್ದ ಕೆಂಪು ಜಿಂಕೆಗಳು ಆರು ಸಾವಿರ ವರ್ಷಗಳೊಳಗೆ ತಮ್ಮ ಮೂಲ ತೂಕದ ಆರನೆಯ ಒಂದು ಪಾಲಿಗೆ ಇಳಿದಿದ್ದವೆಂದು ಅವುಗಳ ಮೂಳೆಗಳು ಹೇಳುತ್ತವೆ. 2017ರಲ್ಲಿ ರೊಬೆರ್ತೊ ರೊಝಿ ಮತ್ತು ಮಾರ್ಕ್ ಲೊಮೊಲಿನೊ ಎಂಬ ವಿಜ್ಞಾನಿಗಳು ಆಮ್‌ಸ್ಟರ್‌ಡ್ಯಾಮಿನ ದನಗಳು ನೂರು ವರ್ಷಕ್ಕೆ ತುಸು ಹೆಚ್ಚಿನ ಅವಧಿಯಲ್ಲೇ ಮೂಲದ ಮುಕ್ಕಾಲು ಗಾತ್ರಕ್ಕೆ ಕುಗ್ಗಿದವೆಂದು ವಾದಿಸಿದರು. ಸಾವಿರಾರು ವರ್ಷದ ಕೆಲಸ ಕೆಲವೇ ಹತ್ತು ತಲೆಮಾರುಗಳಲ್ಲಿ ಮುಗಿಯಿತೆಂಬ ಈ ಮಾತು ಬಹಳ ಗಮನ ಸೆಳೆಯಿತು.

ಆ ವಾದಕ್ಕೆ ಒಂದು ತಳಹದಿ ಬೇಕಿತ್ತು: ಮೊದಲ ಐದು ದನಗಳು ಎಷ್ಟು ದೊಡ್ಡವು? ಅವನ್ನು ಅಳೆದವರಿಲ್ಲ. 2024ರಲ್ಲಿ ಮ್ಯಾಥ್ಯೂ ಗೊತಿಯೆ ಮತ್ತು ಸಂಗಡಿಗರು ಡಿಎನ್‌ಎಯ ಮೂಲಕ ಈ ಪ್ರಶ್ನೆಯನ್ನು ಬೇರೆ ದಾರಿಯಿಂದ ಹಿಡಿದರು. ಹಿಂಡು ಬದುಕಿದ್ದಾಗಲೇ, 1992ರಲ್ಲಿ ಮತ್ತು 2006ರಲ್ಲಿ, 18 ದನಗಳಿಂದ ತೆಗೆದಿಟ್ಟ ಮಾದರಿಗಳು ಅವರ ಕೈಯಲ್ಲಿದ್ದವು. ಆ ದನಗಳ ವಂಶವಾಹಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಜೆರ್ಸಿ ತಳಿಗೆ ಹತ್ತಿರವಾದ ಯೂರೋಪಿನ ದನಗಳದ್ದು, ಉಳಿದ ಕಾಲು ಪಾಲು ಹಿಂದೂ ಮಹಾಸಾಗರದ ದ್ವೀಪಗಳ ಡುಬ್ಬದ ದನಗಳದ್ದು. ಜೆರ್ಸಿ ಮೊದಲಿನಿಂದಲೂ ಸಣ್ಣ ತಳಿ. ಮಡಗಾಸ್ಕರಿನ ಸುತ್ತಮುತ್ತಲಿನ ಡುಬ್ಬದ ದನಗಳೂ ದೊಡ್ಡವಲ್ಲ. ಆದ್ದರಿಂದ ದ್ವೀಪಕ್ಕೆ ಬಂದಿಳಿದ ದನಗಳೇ ಸಣ್ಣವಿದ್ದಿರಬೇಕು, ಕುಗ್ಗುವ ಪ್ರಮೇಯವೇ ಬರಲಿಲ್ಲ ಎಂಬುದು ಅವರ ನಿಲುವು. ನನಗೆ ಈ ಎರಡನೆಯ ವಾದವೇ ಗಟ್ಟಿಯಾಗಿ ಕಾಣುತ್ತದೆ.

ಇಲ್ಲಿ ಒಂದು ಮಾತು ನಮಗೆ ಹತ್ತಿರದ್ದು. ಜೆರ್ಸಿಯ ರಕ್ತಕ್ಕೆ ಡುಬ್ಬದ ದನದ ರಕ್ತ ಬೆರೆತರೆ ಸಿಗುವುದು ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಇಂದು ಬೆಳಗ್ಗೆ ಸಂಜೆ ಡೈರಿಗೆ ಹಾಲು ಕೊಡುವ ಮಿಶ್ರತಳಿಯ ಹಸು. ಡುಬ್ಬದ ದನಗಳನ್ನು ಮೊದಲು ಪಳಗಿಸಿದ್ದು ನಮ್ಮ ಉಪಖಂಡದಲ್ಲಿ, ಸಿಂಧೂ ಕಣಿವೆಯ ಆಸುಪಾಸಿನಲ್ಲಿ. ಹಿಂದೂ ಮಹಾಸಾಗರದ ದ್ವೀಪಗಳ ಡುಬ್ಬದ ದನಗಳ ಬೇರೂ ಕೊನೆಗೆ ಅಲ್ಲಿಗೇ ಮುಟ್ಟುತ್ತದೆ. ನಮ್ಮಲ್ಲಿ ಸರ್ಕಾರದ ಪಶುಸಂಗೋಪನೆಯ ಯೋಜನೆಗಳು ಇಪ್ಪತ್ತನೆಯ ಶತಮಾನದಲ್ಲಿ ಮಾಡಿದ ಬೆರಕೆಯನ್ನೇ ಆ ಐದು ದನಗಳು 1871ಕ್ಕೂ ಹಿಂದೆಯೇ ಮೈಯಲ್ಲಿ ಹೊತ್ತಿದ್ದವು. ಮಿಶ್ರತಳಿಯ ಹಸು ನಾಜೂಕು, ಆರೈಕೆ ತಪ್ಪಿದರೆ ಉಳಿಯದು ಎಂದು ನಮ್ಮ ರೈತರು ಹೇಳುವುದು ಅವರ ಅನುಭವದ ಮಾತು, ಆದರೆ ಅದು ನಮ್ಮ ಬಿಸಿಲಿಗೆ, ನಮ್ಮ ಉಣ್ಣೆಹುಳುವಿಗೆ, ನಮ್ಮ ಹಾಲಿನ ನಿರೀಕ್ಷೆಗೆ ಸಂಬಂಧಿಸಿದ್ದು. ಅದೇ ಬೆರಕೆ, ಜೆರ್ಸಿ ದ್ವೀಪದ್ದನ್ನು ಹೋಲುವ ತಂಪಾದ, ತೇವದ, ಗಾಳಿಯ ಹವೆಯಲ್ಲಿ ಯಾರ ಆರೈಕೆಯೂ ಇಲ್ಲದೆ ನೂರ ಮೂವತ್ತೊಂಬತ್ತು ವರ್ಷ ಉಳಿಯಿತು. ಹವೆಯ ಈ ಹೋಲಿಕೆ ಆ ದನಗಳಿಗೆ ಮೊದಲ ದಿನದಿಂದಲೇ ಅನುಕೂಲವಾಯಿತು ಎಂದು 2024ರ ಅಧ್ಯಯನವೂ ಹೇಳುತ್ತದೆ.

ಅದೇ ಅಧ್ಯಯನದ ಇನ್ನೆರಡು ಸಂಗತಿಗಳನ್ನು ಹೇಳಿ ಮುಂದೆ ಹೋಗುತ್ತೇನೆ. ಐದೇ ದನಗಳಿಂದ ಹುಟ್ಟಿದ ಹಿಂಡಿನಲ್ಲಿ ಒಳಸಂಬಂಧದ, ಅಂದರೆ ರಕ್ತಸಂಬಂಧಿಗಳೇ ಕೂಡಿ ಹುಟ್ಟಿಸಿದ ಸಂತಾನದ, ಪ್ರಮಾಣ ನಿರೀಕ್ಷೆಯಂತೆಯೇ ಬಹಳ ಹೆಚ್ಚಾಗಿತ್ತು, ಸುಮಾರು ಶೇಕಡಾ 30. ಹಾನಿಕಾರಕ ವಂಶವಾಹಿ ದೋಷಗಳು ಸೋಸಿ ಹೋಗಿರಲಿಲ್ಲ. ಆದರೂ ಹಿಂಡು ಕುಸಿಯಲಿಲ್ಲ. ಇನ್ನೊಂದು ಸಂಗತಿ ನಡವಳಿಕೆಗೆ ಸಂಬಂಧಿಸಿದ್ದು: ಕಾಡುಬಿದ್ದ ಮೇಲೆ ಆಯ್ಕೆಯ ಒತ್ತಡಕ್ಕೆ ಒಳಗಾದಂತೆ ಕಾಣುವ ವಂಶವಾಹಿಗಳಲ್ಲಿ ನರಮಂಡಲಕ್ಕೆ ಸೇರಿದವು ಎದ್ದುಕಾಣುತ್ತಿದ್ದವು. ಮೈ ಬದಲಾಗುವುದಕ್ಕಿಂತ ಮೊದಲು ಮನಸ್ಸು ಬದಲಾಗಿತ್ತೆಂದು ಇದನ್ನು ಓದಬಹುದು. ಬೆದರಿಕೆ, ಎಚ್ಚರ, ಗುಂಪಿನೊಳಗಿನ ವರ್ತನೆ, ಇವೆಲ್ಲ ಕೊಟ್ಟಿಗೆಯಲ್ಲಿ ಬೇಕಿದ್ದ ಬಗೆ ಬೇರೆ, ಬಯಲಿನಲ್ಲಿ ಬೇಕಾದ ಬಗೆ ಬೇರೆ.

ಇಷ್ಟು ಹೊತ್ತು ದನಗಳ ಕಡೆಯಿಂದ ನೋಡಿದೆವು. ದ್ವೀಪದ ಕಡೆಯಿಂದ ನೋಡಿದರೆ ಕಥೆ ಕಠಿಣವಾಗುತ್ತದೆ.

ದನಕ್ಕೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳಿಲ್ಲ. ಅದು ಹುಲ್ಲನ್ನು ಕುರಿಯಂತೆ ಬುಡಮಟ್ಟಕ್ಕೆ ಕತ್ತರಿಸುವುದಿಲ್ಲ. ಒರಟು ನಾಲಿಗೆಯನ್ನು ಹೊರಚಾಚಿ, ಹುಲ್ಲಿನ ಹಿಡಿಯನ್ನು ಸುತ್ತಿ ಬಾಯೊಳಗೆ ಎಳೆದುಕೊಂಡು, ಕೆಳಹಲ್ಲು ಮತ್ತು ಮೇಲಿನ ಗಟ್ಟಿ ವಸಡಿನ ನಡುವೆ ಒತ್ತಿಹಿಡಿದು, ತಲೆಯನ್ನು ಒಮ್ಮೆ ಜಗ್ಗಿ ಹರಿಯುತ್ತದೆ. ದಿನಕ್ಕೆ ಎಂಟು ಹತ್ತು ಗಂಟೆ ಈ ಕೆಲಸ ನಡೆಯುತ್ತದೆ. ಮೇಯುವ ಪ್ರಾಣಿಗಳ ಜೊತೆಯಲ್ಲೇ ವಿಕಾಸಗೊಂಡ ಹುಲ್ಲುಗಳಿಗೆ ಇದು ಸಹನೆಯ ವಿಷಯ. ಅವುಗಳ ಬೆಳೆಯುವ ಮೊಗ್ಗು ನೆಲಕ್ಕೆ ತಾಗಿಕೊಂಡಿರುತ್ತದೆ, ಹರಿದಷ್ಟೂ ಚಿಗುರುತ್ತವೆ. ಆದರೆ ಆಮ್‌ಸ್ಟರ್‌ಡ್ಯಾಮ್ ದ್ವೀಪದ ಸಸ್ಯಗಳು 1871ಕ್ಕಿಂತ ಹಿಂದೆ ತಮ್ಮ ಇಡೀ ಇತಿಹಾಸದಲ್ಲಿ ದನದ ನಾಲಿಗೆಯನ್ನು ಕಂಡಿರಲಿಲ್ಲ. ಸ್ಥಳೀಯ ಜೊಂಡುಹುಲ್ಲುಗಳ ಪೊದೆಗಳು ಹರಿದುಹೋದ ಜಾಗದಲ್ಲಿ ಯೂರೋಪಿನಿಂದ ಬಂದ ಮೇವಿನ ಹುಲ್ಲುಗಳು ಹಬ್ಬಿದವು. ಗೊರಸು ಊರಿದಲ್ಲಿ ಸಡಿಲವಾದ ಮಣ್ಣು ಇಳಿಜಾರುಗಳಲ್ಲಿ ಮಳೆಗೆ ಕೊಚ್ಚಿಹೋಯಿತು.

ಎಲ್ಲಕ್ಕಿಂತ ದೊಡ್ಡ ನಷ್ಟ ಫೈಲಿಕಾ ಎಂಬ ಮರದ್ದು. ಗಾಳಿಗೆ ಬಾಗಿ ಬೆಳೆಯುವ ಈ ಗಿಡ್ಡ ಮರ ಆಮ್‌ಸ್ಟರ್‌ಡ್ಯಾಮ್ ದ್ವೀಪದಲ್ಲೂ, ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರದ ಅಟ್ಲಾಂಟಿಕ್ ಸಾಗರದ ಟ್ರಿಸ್ಟನ್ ದ ಕುನ್ಹ ಮತ್ತು ಗಾಫ್ ದ್ವೀಪಗಳಲ್ಲೂ ಮಾತ್ರ ಬೆಳೆಯುತ್ತದೆ. ಹದಿನೆಂಟನೆಯ ಶತಮಾನದ ಆರಂಭದ ನಾವಿಕರ ವಿವರಗಳಿಂದ ಅಂದಾಜಿಸುವುದಾದರೆ ದ್ವೀಪದ ಸುತ್ತ ಸುಮಾರು 1,500 ಹೆಕ್ಟೇರಿನ ಫೈಲಿಕಾ ಕಾಡು ಇತ್ತು. 1980ರ ದಶಕದಲ್ಲಿ ಹತ್ತು ಹೆಕ್ಟೇರೂ ಉಳಿದಿರಲಿಲ್ಲ. ಇದೆಲ್ಲವನ್ನೂ ದನಗಳ ತಲೆಗೆ ಕಟ್ಟುವುದು ನ್ಯಾಯವಲ್ಲ. ದನಗಳು ಬರುವ ಮೊದಲೇ ಸೀಲ್ ಬೇಟೆಗಾರರು, ಹಡಗಿನವರು ಸೌದೆಗಾಗಿ ಕಡಿದಿದ್ದರು. 1792ರಲ್ಲಿ ಫ್ರೆಂಚ್ ನಾವಿಕ ದಾಂತ್ರ್‌ಕಾಸ್ತೊನ ಹಡಗುಗಳು ಹತ್ತಿರದಿಂದ ಹಾದುಹೋದಾಗ ದ್ವೀಪ ಹೊತ್ತಿ ಉರಿಯುತ್ತಿತ್ತು. ಹಾರಲಾರದ ಒಂದು ಬಾತುಕೋಳಿ ಈ ದ್ವೀಪದಿಂದ ಅಳಿದುಹೋದದ್ದೂ ದನಗಳಿಗಿಂತ ಹಿಂದೆ. ಆದರೆ ಬೆಂಕಿಯ ನಂತರ ಕಾಡು ಮತ್ತೆ ಮೇಲೇಳುವುದು ಸಸಿಗಳಿಂದ, ಮತ್ತು ಆ ಸಸಿಗಳನ್ನು ಒಂದು ಶತಮಾನ ಕಾಲ ದನಗಳು ಬೆಳೆಯಗೊಡಲಿಲ್ಲ. ಮುದಿ ಮರಗಳು ಒಂದೊಂದಾಗಿ ಸತ್ತಾಗ ಅವುಗಳ ಜಾಗಕ್ಕೆ ಬರುವ ಮರಿಗಳೇ ಇರಲಿಲ್ಲ. ದನಗಳಿಂದಾದ ಹಾನಿಯೆಂದರೆ ಇದೇ: ಇದ್ದುದನ್ನು ನಾಶಮಾಡಿದ್ದಕ್ಕಿಂತ, ಬರಬೇಕಾದುದನ್ನು ತಡೆದದ್ದು.

ದ್ವೀಪದ ನಡುವೆ, ಎತ್ತರದಲ್ಲಿ, ಪಾಚಿ ಕೊಳೆತು ಶತಮಾನಗಳಿಂದ ಪದರಗಟ್ಟಿದ ಜೌಗು ಬಯಲಿದೆ. ಜಗತ್ತಿನಲ್ಲಿ ಆಮ್‌ಸ್ಟರ್‌ಡ್ಯಾಮ್ ಆಲ್ಬಟ್ರಾಸ್ ಗೂಡು ಕಟ್ಟುವುದು ಅಲ್ಲಿ ಮಾತ್ರ. ಕಂದುಬಣ್ಣದ ಈ ಬೃಹತ್ ಕಡಲಹಕ್ಕಿಯನ್ನು ಪ್ರತ್ಯೇಕ ಜಾತಿಯೆಂದು ವಿಜ್ಞಾನ ಗುರುತಿಸಿದ್ದು 1983ರಲ್ಲಿ. ಆಗ ಮೊಟ್ಟೆಯಿಡುತ್ತಿದ್ದದ್ದು ಐದೇ ಜೋಡಿ. ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ, ಎರಡೂವರೆ ತಿಂಗಳಿಗೂ ಹೆಚ್ಚು ಕಾವು, ಆಮೇಲೆ ಸುಮಾರು ಎಂಟು ತಿಂಗಳು ಮರಿ ನೆಲದ ಮೇಲಿನ ಗೂಡಿನಲ್ಲೇ ಕೂತಿರುತ್ತದೆ. ಅಷ್ಟು ನಿಧಾನವಾಗಿ ಹೆಚ್ಚುವ ಹಕ್ಕಿಯ ತೌರುನೆಲಕ್ಕೆ ದನಗಳು ಏರಿಬಂದು ಜೌಗನ್ನು ತುಳಿದು ಒಣಗಿಸುತ್ತಿದ್ದವು. ಒಂದು ಕಡೆ ಎರಡು ಸಾವಿರ ದನ, ಇನ್ನೊಂದು ಕಡೆ ಭೂಮಿಯ ಮೇಲೆಲ್ಲ ಸೇರಿ ಐದು ಜೋಡಿ ಹಕ್ಕಿ. ಲೆಕ್ಕವನ್ನು ಹೀಗೆ ಎದುರಿಗಿಟ್ಟುಕೊಂಡವರು ಸುಮ್ಮನಿರಲು ಸಾಧ್ಯವಿರಲಿಲ್ಲ.

ಮೊದಲು ಬಂದದ್ದು ಬೇಲಿ. 1987–88ರಲ್ಲಿ ದ್ವೀಪವನ್ನು ಎರಡಾಗಿ ಒಡೆದು ಬೇಲಿ ಹಾಕಲಾಯಿತು. ದಕ್ಷಿಣದ ಭಾಗದಲ್ಲಿದ್ದ ಸಾವಿರಕ್ಕೂ ಹೆಚ್ಚು ದನಗಳನ್ನು 1988–89ರಲ್ಲಿ ಕೊಲ್ಲಲಾಯಿತು, ಉತ್ತರದಲ್ಲಿ ಒಂದು ಹಿಂಡನ್ನು ಉಳಿಸಿಕೊಂಡು ಅದರ ಸಂಖ್ಯೆಯನ್ನು ಹತೋಟಿಯಲ್ಲಿಡಲಾಯಿತು. ಅದೇ ವೇಳೆಗೆ ಕೆಲವೇ ವರ್ಷಗಳಲ್ಲಿ ಏಳು ಸಾವಿರದಷ್ಟು ಫೈಲಿಕಾ ಸಸಿಗಳನ್ನು ನೆಟ್ಟರು. ದನ ಸರಿದ ನೆಲದಲ್ಲಿ ಸ್ಥಳೀಯ ಹುಲ್ಲುಗಳು ಮರಳತೊಡಗಿದವು. ಆಲ್ಬಟ್ರಾಸ್ ಜೋಡಿಗಳ ಸಂಖ್ಯೆ ಐದರಿಂದ ಮೆಲ್ಲಮೆಲ್ಲನೆ ಕೆಲವು ಹತ್ತುಗಳಿಗೆ ಏರಿತು. ಅದಕ್ಕೆ ದನಗಳ ನಿಯಂತ್ರಣವೊಂದೇ ಕಾರಣವಲ್ಲ, ಸಮುದ್ರದಲ್ಲಿ ಹಕ್ಕಿಗಳೂ ಗಾಳಕ್ಕೆ ಸಿಕ್ಕಿ ಸಾಯುವ ಉದ್ದಗಾಳದ ಮೀನುಗಾರಿಕೆ ಎಲ್ಲಿ ಎಷ್ಟು ನಡೆಯುತ್ತದೆ ಎಂಬುದೂ ಈ ಹಕ್ಕಿಯ ಅಳಿವು ಉಳಿವನ್ನು ನಿರ್ಧರಿಸುತ್ತದೆ. 2006ರಲ್ಲಿ ದ್ವೀಪ ರಾಷ್ಟ್ರೀಯ ನಿಸರ್ಗಧಾಮದ ಭಾಗವಾಯಿತು. ಉತ್ತರದ ಹಿಂಡನ್ನೂ ತೆಗೆದುಹಾಕುವ ತೀರ್ಮಾನವಾಗಿ, 2010ರಲ್ಲಿ ಕೊನೆಯ ದನವೂ ಹೋಯಿತು. 2019ರಲ್ಲಿ ಯುನೆಸ್ಕೊ ಈ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದನ ಹೋದೊಡನೆ ದ್ವೀಪದ ಕಷ್ಟ ಮುಗಿಯಲಿಲ್ಲ. ಇಲಿ, ಹೆಗ್ಗಣ, ಬೆಕ್ಕುಗಳನ್ನು ನಿರ್ಮೂಲ ಮಾಡುವ ಕಾರ್ಯಾಚರಣೆ 2024ರಲ್ಲಿ ನಡೆಯಿತು; 2025ರ ಜನವರಿಯಲ್ಲಿ ಹಬ್ಬಿದ ಬೆಂಕಿ ದ್ವೀಪದ ಅರ್ಧದಷ್ಟು ನೆಲವನ್ನು ಸುಟ್ಟಿತು, ನೆಲೆಯಲ್ಲಿದ್ದವರನ್ನೆಲ್ಲ ಹಡಗಿಗೆ ಹತ್ತಿಸಬೇಕಾಯಿತು.

ದನಗಳನ್ನು ಕೊಲ್ಲದೆ ಬೇರೆ ದಾರಿಯಿರಲಿಲ್ಲವೆ ಎಂಬ ಪ್ರಶ್ನೆ ಈ ವಿಷಯವನ್ನು ಕನ್ನಡದಲ್ಲಿ ಎಲ್ಲಿ ಮಾತನಾಡಿದರೂ ಬರುತ್ತದೆ, ಬರಬೇಕು ಕೂಡ. ಹಸುವನ್ನು ನಾವು ನೋಡುವ ಬಗೆಯಲ್ಲಿ ಈ ಪ್ರಶ್ನೆಯ ಭಾರ ಬೇರೆಯೇ. ನನ್ನ ಉತ್ತರವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಹಡಗು ತಲುಪುವುದೇ ಕಷ್ಟವಾದ, ಬಂದರಿಲ್ಲದ ದ್ವೀಪದಿಂದ ಮನುಷ್ಯನ ಕೈಗೆ ಸಿಗದ ನೂರಾರು ಗೂಳಿ ಹಸುಗಳನ್ನು ಜೀವಂತ ಸಾಗಿಸುವುದು ಆಗುವ ಕೆಲಸವಲ್ಲ. ಹಾಗೆಯೇ ಬಿಟ್ಟಿದ್ದರೆ ಹಸುಗಳು ಪ್ರತಿ ಚಳಿಗಾಲ ಹಸಿವಿನಿಂದ ಸಾಯುವುದು ಮುಂದುವರಿಯುತ್ತಿತ್ತು, ಜೊತೆಗೆ ಬೇರೆಲ್ಲೂ ಇಲ್ಲದ ಜೀವಿಗಳು ಅಳಿಯುತ್ತಿದ್ದವು. ದಕ್ಷಿಣ ಭಾಗದಲ್ಲಿ ನಡೆದದ್ದು ಅನಿವಾರ್ಯವಾಗಿತ್ತೆಂದು ನಾನು ಒಪ್ಪುತ್ತೇನೆ. ಒಪ್ಪಲಾಗದ್ದು ಕೊನೆಯ ಹಂತ ನಡೆದ ರೀತಿ.

ಏಕೆಂದರೆ ಬೇರೆ ರೀತಿ ಸಾಧ್ಯವೆಂದು ಆ ಹೊತ್ತಿಗಾಗಲೇ ತೋರಿಸಲಾಗಿತ್ತು. ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಆಕ್ಲೆಂಡ್ ದ್ವೀಪಗಳಲ್ಲಿ ಎಂಡರ್ಬಿ ಎಂಬುದೊಂದು. 1890ರ ದಶಕದಲ್ಲಿ ಅಲ್ಲಿ ಬಿಟ್ಟ ಶಾರ್ಟ್‌ಹಾರ್ನ್ ದನಗಳು ಪೊದೆಗಳನ್ನೂ, ದಡಕ್ಕೆ ಬಂದ ಕಡಲಕಳೆಯನ್ನೂ ಮೆಲ್ಲುತ್ತ ನೂರು ವರ್ಷ ಬದುಕಿದವು. 1990ರ ದಶಕದ ಆರಂಭದಲ್ಲಿ ಅಲ್ಲಿನ ಸಸ್ಯಸಂಪತ್ತಿಗಾಗಿ ಅವನ್ನೂ ಕೊಲ್ಲಲಾಯಿತು. ಆದರೆ ಅಪರೂಪದ ತಳಿಗಳ ಸಂರಕ್ಷಣೆಯಲ್ಲಿ ತೊಡಗಿದ್ದವರು ಮೊದಲು ಸತ್ತ ಹೋರಿಗಳಿಂದ ವೀರ್ಯ ಸಂಗ್ರಹಿಸಿಟ್ಟರು. ದ್ವೀಪದಲ್ಲಿ ಇನ್ನೂ ಒಂದು ಹಸು ಉಳಿದಿದೆಯೆಂದು ತಿಳಿದಾಗ 1993ರಲ್ಲಿ ಅದನ್ನು ಹಿಡಿದು ಮುಖ್ಯಭೂಮಿಗೆ ತಂದರು. ಲೇಡಿ ಎಂದು ಹೆಸರಿಟ್ಟ ಆ ಹಸುವಿನ ಜೀವಕೋಶಗಳಿಂದ ರುಆಕುರಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 1998ರಲ್ಲಿ ಎಲ್ಸಿ ಎಂಬ ಕರುವನ್ನು ತದ್ರೂಪಿಯಾಗಿ ಪಡೆದರು. ಎಂಡರ್ಬಿ ದ್ವೀಪ ದನಗಳಿಂದ ಮುಕ್ತವಾಯಿತು, ಎಂಡರ್ಬಿ ದನದ ತಳಿಯೂ ಉಳಿಯಿತು.

ಆಮ್‌ಸ್ಟರ್‌ಡ್ಯಾಮಿನಲ್ಲಿ ಬೇಲಿಯ ಹಿಂದೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹತೋಟಿಯಲ್ಲಿದ್ದ ಹಿಂಡಿತ್ತು, ಅಂದರೆ ಅವಸರಕ್ಕೆ ಕಾರಣವಿರಲಿಲ್ಲ. ಒಳಸಂಬಂಧದ ಭಾರ ಹೊತ್ತೂ ಕುಸಿಯದ, ಔಷಧವಿಲ್ಲದೆ, ಸೂಲಗಿತ್ತಿಯಂತೆ ನಿಂತು ಕರು ಎಳೆಯುವ ಮನುಷ್ಯನಿಲ್ಲದೆ ತಲೆಮಾರುಗಟ್ಟಲೆ ಈದ ಹಸುಗಳ ಕುಲ ಅದು. ಕಷ್ಟದ ಹೆರಿಗೆ, ಸೊರಗಿದ ಮೇವು, ಒಳಸಂಬಂಧ ಇವು ಇಂದು ಪಶುಸಂಗೋಪನೆಯ ದೊಡ್ಡ ತೊಡಕುಗಳಾಗಿರುವಾಗ ಆ ಕುಲದಿಂದ ಕಲಿಯಬೇಕಾದುದು ಬಹಳವಿತ್ತು. ಆ ದನಗಳಿಂದ ಈಗ ಅಧ್ಯಯನಕ್ಕೆ ದಕ್ಕಿರುವುದು 18 ದನಗಳ ಡಿಎನ್‌ಎ. ಅದನ್ನು ಓದಬಹುದು, ಅದರಿಂದ ಹಿಂಡು ಕಟ್ಟಲಾಗದು. ಹಿಂಡನ್ನು ದ್ವೀಪದಿಂದ ತೆಗೆಯುವ ಮೊದಲು ಕೆಲವು ಗೂಳಿಗಳ ವೀರ್ಯವನ್ನು, ಕೆಲವು ಹಸುಗಳ ಅಂಡಾಣುಗಳನ್ನು ತೆಗೆದಿಡುವ ಕೆಲಸ ನಿಸರ್ಗಧಾಮದ ಯೋಜನೆಯಲ್ಲೇ ಸೇರಬೇಕಿತ್ತು. ಇನ್ನೂ ಕಾಡುಬಿದ್ದ ದನಗಳಿರುವ ದ್ವೀಪಗಳ ವಿಷಯದಲ್ಲಿ ಅದು ಈಗಲೂ ಆಗಬಹುದು. ಸ್ವೋನಾದಲ್ಲಿ ಅಂಥ ದನಗಳಿವೆ. ಜಪಾನಿನ ದಕ್ಷಿಣದ ಕುಚಿನೊಶಿಮಾ ದ್ವೀಪದಲ್ಲಿ ವಿದೇಶಿ ತಳಿಗಳ ಬೆರಕೆಯಿಲ್ಲದ ಹಳೆಯ ಜಪಾನಿ ದನಗಳ ಕಾಡುಬಿದ್ದ ಹಿಂಡಿದೆ, ಅವುಗಳ ಬಗ್ಗೆ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಅಧ್ಯಯನ ನಡೆದಿದೆ. ಒಂದು ದ್ವೀಪದ ದನಗಳನ್ನು ತೆಗೆಯಬೇಕೋ ಇರಗೊಡಬೇಕೋ ಎಂಬುದನ್ನು ಆ ದ್ವೀಪದ ಸಸ್ಯ, ಹಕ್ಕಿ, ಮಣ್ಣುಗಳನ್ನು ನೋಡಿ ತೀರ್ಮಾನಿಸಬೇಕು. ಆದರೆ ಅವುಗಳ ವಂಶದ ಬೀಜವನ್ನು ಕಾದಿಡುವ ಕೆಲಸ ಆ ತೀರ್ಮಾನಕ್ಕೆ ಕಾಯದೆ ಮೊದಲೇ ಆಗಬೇಕು.